ಸಹಿಯನ್ನು ಕೊನೆಗೆ ನೋಡಿ: ಹೆಸರಾಂತವರ ಪತ್ರ ಅಸಲಿಯೇ ಎಂದು ಪರೀಕ್ಷಿಸುವ ಬಗೆ

ಕೆಲವು ವರ್ಷಗಳ ಹಿಂದೆ ಎಂಟು ಸಾವಿರ ರೂಪಾಯಿ ಕೊಟ್ಟು ಒಂದು ಪತ್ರ ಕೊಂಡೆ. ಕನ್ನಡದ ಹಿರಿಯ ಕವಿಯೊಬ್ಬರು 1969ರಲ್ಲಿ ಓದುಗರೊಬ್ಬರಿಗೆ ಬರೆದದ್ದು ಎಂದು ಮಾರಿದವರು ಹೇಳಿದ್ದರು. ಹೆಸರು, ವಿಳಾಸ ಅಚ್ಚಾಗಿದ್ದ ಲೆಟರ್‌ಹೆಡ್, ಆರು ಸಾಲಿನ ಒಕ್ಕಣೆ, ಕೆಳಗೆ ನಾನು ಬಾಲ್ಯದಿಂದ ಪುಸ್ತಕಗಳಲ್ಲಿ ಕಂಡಿದ್ದ ಅದೇ ಸಹಿ. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಒಂದು ರಾತ್ರಿಯಂತೂ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕುಳಿತಿದ್ದೆ. ಪ್ರತಿ ತಿರುವೂ ಸರಿಯಾಗಿಯೇ ಕಂಡಿತು. ಪರಿಚಯದ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರಿಗೆ ಹೆಮ್ಮೆಯಿಂದ ತೋರಿಸಿದಾಗ ಅವರು ಸಹಿಯ ಕಡೆ ಕಣ್ಣನ್ನೇ ಹಾಯಿಸಲಿಲ್ಲ. "ಮೇಷ್ಟ್ರೇ, ವಿಳಾಸದ ಕೊನೆಯಲ್ಲಿ ಪಿನ್‌ಕೋಡ್ ಅಚ್ಚಾಗಿದೆಯಲ್ಲ. ಪಿನ್‌ಕೋಡ್ ಬಂದದ್ದೇ ಎಪ್ಪತ್ತೆರಡರಲ್ಲಿ" ಎಂದರು. ಅರ್ಧ ನಿಮಿಷವೂ ಆಗಿರಲಿಲ್ಲ.

ಹೋದ ಹಣಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ನಾನು ಪ್ರೀತಿಸುವ ಕವಿಯ ಬಾಯಲ್ಲಿ ಯಾರೋ ತಮ್ಮ ಮಾತು ತುರುಕಿದ್ದರು, ನಾನು ಅದನ್ನು ನಾಲ್ಕು ಜನರೆದುರು ಓದಿ ಹೇಳಿದ್ದೆ. ಅಂದಿನಿಂದ ಯಾವ ಪತ್ರ ಕೈಗೆ ಬಂದರೂ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಕಾರ್ಡಾಗಲಿ, ಹಳೆಯ ಪುಸ್ತಕದೊಳಗೆ ಮಡಿಸಿಟ್ಟ ಕಾಗದವಾಗಲಿ, ಹರಾಜಿಗೆ ಬಂದ ಪತ್ರವಾಗಲಿ, ಕ್ರಮ ಒಂದೇ. ಅದರಲ್ಲಿ ಸಹಿಯ ಸರದಿ ಕೊನೆಗೆ ಬರುತ್ತದೆ.

ಮೊದಲು ಪ್ರಶ್ನೆಯನ್ನು ಸರಿಪಡಿಸಿಕೊಳ್ಳಿ

"ಇದು ಅಸಲಿಯೋ ನಕಲಿಯೋ" ಎಂದು ಕೇಳಿದರೆ ಎರಡೇ ಉತ್ತರ ಇರುವಂತೆ ತೋರುತ್ತದೆ. ನಿಜದಲ್ಲಿ ಐದಿವೆ. ಪತ್ರ ಪೂರ್ತಿ ಅವರ ಕೈಬರಹವೇ ಆಗಿರಬಹುದು. ಅವರು ಹೇಳಿ ಬರೆಸಿ ಸಹಿ ಮಾತ್ರ ತಾವೇ ಹಾಕಿರಬಹುದು. ಅವರ ಒಪ್ಪಿಗೆಯಿಂದಲೇ ಕಾರ್ಯದರ್ಶಿಯೋ ಮನೆಯವರೋ ಅವರಂತೆ ಸಹಿ ಮಾಡಿರಬಹುದು. ಸಹಿ ರಬ್ಬರ್ ಮುದ್ರೆಯದೋ ಅಚ್ಚಿನದೋ ಯಂತ್ರದ್ದೋ ಆಗಿರಬಹುದು. ಕೊನೆಯದು ದುಡ್ಡಿಗಾಗಿ ಮಾಡಿದ ಖೋಟಾ ಸಹಿ.

ಇವುಗಳಲ್ಲಿ ಮೂರನೆಯದನ್ನು ಜನ ಮರೆಯುತ್ತಾರೆ. ಬೀಟಲ್ಸ್ ಸಂಗೀತ ತಂಡದ ಖ್ಯಾತಿ ಉತ್ತುಂಗದಲ್ಲಿದ್ದಾಗ ಅಭಿಮಾನಿಗಳಿಗೆ ಹೋಗುತ್ತಿದ್ದ ಎಷ್ಟೋ ಸಹಿಗಳನ್ನು ಹಾಕುತ್ತಿದ್ದವರು ತಂಡದ ಸಹಾಯಕರಾದ ನೀಲ್ ಆಸ್ಪಿನಾಲ್ ಮತ್ತು ಮಾಲ್ ಇವಾನ್ಸ್. ಹಾಲಿವುಡ್ ನಟಿ ಜೀನ್ ಹಾರ್ಲೋ ಪರವಾಗಿ ಅವರ ತಾಯಿ ಸಹಿ ಮಾಡುತ್ತಿದ್ದರು. ಇಂಥ ಕಾಗದ ನಿಜವಾಗಿಯೂ ಆ ಮನೆಯಿಂದ, ಆ ದಿನವೇ ಹೊರಟದ್ದು. ಲಕೋಟೆ ಸರಿ, ಅಂಚೆ ಮುದ್ರೆ ಸರಿ, ಕಾಗದ ಸರಿ. ಕೈ ಮಾತ್ರ ಬೇರೆ. ಅದನ್ನು ಖೋಟಾ ಎಂದು ಎಸೆಯುವುದೂ ತಪ್ಪು, ಅವರದೇ ಹಸ್ತಾಕ್ಷರವೆಂದು ಮಾರುವುದೂ ತಪ್ಪು.

ಯಂತ್ರದ ಸಹಿಯೂ ಹೊಸದಲ್ಲ. ಆಟೊಪೆನ್ ಎಂಬ ಯಂತ್ರ ಒಂದು ಅಚ್ಚಿನ ಜಾಡನ್ನು ಅನುಸರಿಸಿ ನಿಜವಾದ ಪೆನ್ನಿನಿಂದ ಸಹಿ ಬರೆಯುತ್ತದೆ. ಅಮೆರಿಕದ ಅಧ್ಯಕ್ಷ ಕೆನಡಿ ಇದನ್ನು ಬಳಸಿದ್ದರು. 2011ರ ಮೇ ತಿಂಗಳಲ್ಲಿ ಒಬಾಮ ಫ್ರಾನ್ಸ್‌ನಲ್ಲಿದ್ದಾಗ ವಾಷಿಂಗ್ಟನ್‌ನಲ್ಲಿ ಒಂದು ಮಸೂದೆಗೆ ಅವರ ಸಹಿ ಬಿದ್ದದ್ದೂ ಇದರಿಂದಲೇ. ಯುದ್ಧದಲ್ಲಿ ಮಡಿದ ಸೈನಿಕರ ಮನೆಗಳಿಗೆ ಹೋದ ಸಂತಾಪ ಪತ್ರಗಳಿಗೆ ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಯಂತ್ರದಿಂದ ಸಹಿ ಹಾಕಿಸಿದ್ದರೆಂದು 2004ರಲ್ಲಿ ತಿಳಿದಾಗ ಆ ಕುಟುಂಬಗಳಿಗಾದ ನೋವು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸಹಿಯಲ್ಲಿ ನಾವು ಹುಡುಕುವುದು ಅಕ್ಷರಗಳನ್ನಲ್ಲ. ಆ ವ್ಯಕ್ತಿ ಒಂದು ಗಳಿಗೆ ನಮ್ಮ ಹೆಸರಿನ ಕಾಗದದ ಮೇಲೆ ಬಾಗಿದ್ದರು ಎಂಬುದನ್ನು.

ಎರಡನೆಯದು: ಪತ್ರ ನಡೆದು ಬಂದ ದಾರಿ

ಯಾರಿಗೆ ಬರೆದದ್ದು? ಅವರಿಂದ ಯಾರ ಕೈಗೆ ಹೋಯಿತು? ನಿಮಗೆ ಹೇಗೆ ಬಂತು? ಈ ಸರಪಳಿಯ ಕೊಂಡಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ಗೆರೆ ಎಳೆಯಿರಿ. "ಹಳೆಯ ಮನೆ ಕೆಡವುವಾಗ ಸಿಕ್ಕಿತು" ಎಂಬ ಕಥೆಗೆ ಮನೆ ಯಾವ ಊರಿನದು, ಯಾರದು ಎಂಬ ಉತ್ತರ ಇರಬೇಕು. ಪತ್ರದಲ್ಲಿ ಉದ್ದೇಶಿಸಿದ ವ್ಯಕ್ತಿ ಆ ಮನೆಯವರಾಗಿದ್ದರೆ ಕೊಂಡಿ ಗಟ್ಟಿ. ಮಾರುವವರ ಬಳಿ ಒಬ್ಬರೇ ಸಾಹಿತಿ ಬೇರೆ ಬೇರೆ ಊರಿನ ಹತ್ತು ಜನರಿಗೆ ಬರೆದ ಪತ್ರಗಳಿದ್ದು, ಹತ್ತೂ ಒಂದೇ ಬಣ್ಣಕ್ಕೆ ಮಾಸಿದ್ದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ.

ಲಕೋಟೆ ಇದೆಯೇ ಎಂದು ತಪ್ಪದೆ ಕೇಳಿ. ಪತ್ರ ಇಟ್ಟುಕೊಂಡು ಲಕೋಟೆ ಎಸೆಯುವುದು ನಮ್ಮ ಮನೆಗಳ ರೂಢಿ, ಆದ್ದರಿಂದ ಅದು ಇಲ್ಲದಿರುವುದು ದೋಷವಲ್ಲ. ಆದರೆ ಇದ್ದರೆ ಸಹಿಗಿಂತ ದೊಡ್ಡ ಸಾಕ್ಷಿ. ಕಾರ್ಡು ಮತ್ತು ಇನ್‌ಲೆಂಡ್ ಲೆಟರ್‌ಗಳು ಈ ಕಾರಣಕ್ಕೇ ನನಗೆ ಹೆಚ್ಚು ಪ್ರಿಯ: ಒಕ್ಕಣೆ, ವಿಳಾಸ, ಅಂಚೆ ಮುದ್ರೆ ಮೂರೂ ಒಂದೇ ಕಾಗದದ ಮೇಲೆ ಇರುತ್ತವೆ. ಹೊರಟ ಊರಿನ ಠಸ್ಸೆಯ ದಿನಾಂಕ ಪತ್ರದ ದಿನಾಂಕಕ್ಕೆ ಹೊಂದುತ್ತದೆಯೇ ನೋಡಿ. ತಲುಪಿದ ಊರಿನ ಠಸ್ಸೆಯೂ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು: ಕಾಲದ ಲೆಕ್ಕ

ಖೋಟಾ ಮಾಡುವವನು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಸಹಿಯನ್ನು. ಇತಿಹಾಸವನ್ನು ಅಷ್ಟು ಶ್ರದ್ಧೆಯಿಂದ ಓದಿರುವುದಿಲ್ಲ. ಬಹುಪಾಲು ನಕಲಿ ಪತ್ರಗಳು ಸಿಕ್ಕಿಬೀಳುವುದು ಇಲ್ಲಿ, ಆದ್ದರಿಂದ ಹೆಚ್ಚಿನ ಸಮಯವನ್ನು ಇಲ್ಲೇ ಕೊಡಿ.

ನಮ್ಮ ನಾಡಿನ ಪತ್ರಗಳಿಗೆ ಉಪಯೋಗವಾಗುವ ಕೆಲವು ಗಡಿಗಳನ್ನು ಹೇಳುತ್ತೇನೆ. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲು "ಬೆಂಗಳೂರು–4" ಎಂಬಂತೆ ಬಡಾವಣೆಯ ಸಂಖ್ಯೆ ಬರೆಯುತ್ತಿದ್ದರು, ಅದನ್ನು ಪಿನ್‌ಕೋಡ್ ಎಂದು ತಿಳಿಯಬೇಡಿ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. 1956ರ ಏಕೀಕರಣಕ್ಕೆ ಮುಂಚೆ ಬೇಂದ್ರೆಯವರ ಧಾರವಾಡ ಮುಂಬಯಿ ಆಡಳಿತದಲ್ಲಿತ್ತು, ಶಿವರಾಮ ಕಾರಂತರ ಪುತ್ತೂರು ಮದ್ರಾಸಿನ ಆಡಳಿತದಲ್ಲಿತ್ತು. ಆದ್ದರಿಂದ ಧಾರವಾಡದಿಂದ 1950ರಲ್ಲಿ ಬರೆದ ಪತ್ರದ ಲೆಟರ್‌ಹೆಡ್ಡಿನಲ್ಲಿ "ಮೈಸೂರು ರಾಜ್ಯ" ಇರಲು ಸಾಧ್ಯವಿಲ್ಲ. ಉಡುಪಿ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್‌ನಲ್ಲಿ, ಕಾರಂತರು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 9ರಂದು. ಸಾಲಿಗ್ರಾಮದಿಂದ ಅವರು ಬರೆದರೆನ್ನುವ ಪತ್ರದಲ್ಲಿ "ಉಡುಪಿ ಜಿಲ್ಲೆ" ಎಂದು ಅಚ್ಚಾಗಿದ್ದರೆ ಅದಕ್ಕೆ ಉಳಿದಿರುವ ಅವಕಾಶ ಮೂರೂವರೆ ತಿಂಗಳು ಮಾತ್ರ.

ಬಿರುದುಗಳನ್ನೂ ಹೀಗೆಯೇ ತೂಗಿ. ಕುವೆಂಪು ರಾಷ್ಟ್ರಕವಿಯಾದದ್ದು 1964ರಲ್ಲಿ. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ವಿಶ್ವೇಶ್ವರಯ್ಯನವರು "ಸರ್" ಆದದ್ದು 1915ರಲ್ಲಿ. ಬಿರುದು ಬಂದ ವರ್ಷಕ್ಕಿಂತ ಹಿಂದಿನ ದಿನಾಂಕದ ಪತ್ರದಲ್ಲಿ ಆ ಬಿರುದು ಅಚ್ಚಾಗಿದ್ದರೆ ಮುಂದಿನ ಪರೀಕ್ಷೆಯೇ ಬೇಕಿಲ್ಲ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಅವರು ತಮ್ಮ ಹೆಸರನ್ನು ಬರೆಯುತ್ತಿದ್ದ ರೀತಿಯಲ್ಲಿ "ಎಸ್" ಅಕ್ಷರದ ಮುಂದೆ "ಎಚ್" ಇಲ್ಲ, ಕೊನೆಯಲ್ಲೂ ಇಲ್ಲ, "ಡಬ್ಲ್ಯು" ಬರುವುದೇ ಇಲ್ಲ. ಇಂದು ರಸ್ತೆಗಳ ಫಲಕದಲ್ಲೂ ಕಾಲೇಜುಗಳ ಹೆಸರಿನಲ್ಲೂ ನಾನಾ ಬಗೆಯ ಕಾಗುಣಿತವಿದೆ. ನಕಲು ಮಾಡುವವನು ಫಲಕ ನೋಡಿ ಕಲಿತಿದ್ದರೆ ಅಲ್ಲೇ ಎಡವುತ್ತಾನೆ.

ಅಂಚೆಚೀಟಿ ಆಣೆಗಳ ಬದಲು ಬಂದ ನಯೆ ಪೈಸೆಯದಾಗಿದ್ದರೆ ಕಾಗದ 1957ರ ಏಪ್ರಿಲ್ 1ಕ್ಕಿಂತ ಈಚಿನದು. ಬಾಲ್ ಪೆನ್ನು ನ್ಯೂಯಾರ್ಕಿನ ಅಂಗಡಿಗೆ ಮೊದಲು ಬಂದದ್ದು 1945ರ ಅಕ್ಟೋಬರ್‌ನಲ್ಲಿ. 1930ರ ಪತ್ರದಲ್ಲಿ ಬಾಲ್ ಪೆನ್ನಿನ ಸಹಿ ಕಂಡರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಜೆಲ್ ಪೆನ್ನು 1980ರ ದಶಕದ್ದು. ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗೆ ಕಾರ್ಖಾನೆಯ ನೀರುಗುರುತು ಕಾಣಬಹುದು. ದಾಂಡೇಲಿಯ ಕಾಗದ ಕಾರ್ಖಾನೆಯ ಸಂಸ್ಥೆ ಹುಟ್ಟಿದ್ದು 1955ರಲ್ಲಿ. ಅದರ ಹೆಸರು 1950ರ ಕಾಗದದಲ್ಲಿ ಕಾಣುವಂತಿಲ್ಲ.

ಅಚ್ಚಕ್ಷರ ಕೂಡ ಕಾಲವನ್ನು ಹೇಳುತ್ತದೆ. ಪಾಕಿಸ್ತಾನದಲ್ಲಿ 2017ರಲ್ಲಿ ನವಾಜ್ ಷರೀಫ್ ಕುಟುಂಬದ ವಿಚಾರಣೆಯಲ್ಲಿ 2006ರ ದಿನಾಂಕದ ಒಂದು ದಸ್ತಾವೇಜು ಕ್ಯಾಲಿಬ್ರಿ ಎಂಬ ಗಣಕದ ಅಕ್ಷರಶೈಲಿಯಲ್ಲಿತ್ತು. ಆ ಅಕ್ಷರ ಜನಸಾಮಾನ್ಯರ ಗಣಕಗಳಿಗೆ ಬಂದದ್ದು 2007ರ ಆರಂಭದಲ್ಲಿ. ಕನ್ನಡದಲ್ಲೂ ಇದೇ ಲೆಕ್ಕ ನಡೆಯುತ್ತದೆ: "ಬರಹ" ತಂತ್ರಾಂಶ 1998ರದು, "ತುಂಗಾ" ಅಕ್ಷರ ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಬಂತು. ಬೆರಳಚ್ಚಿನ ಪತ್ರವಾಗಿದ್ದರೆ ಹಿಂಬದಿಯನ್ನು ಬೆರಳ ತುದಿಯಿಂದ ಸವರಿ. ಬೆರಳಚ್ಚು ಯಂತ್ರದ ಅಕ್ಷರ ಕಾಗದವನ್ನು ಕುಟ್ಟಿರುತ್ತದೆ, ಹಿಂದೆ ಸಣ್ಣ ಉಬ್ಬು ತಾಗುತ್ತದೆ. ಲೇಸರ್ ಮುದ್ರಣ ನುಣುಪು.

ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ನೇರಳಾತೀತ ಟಾರ್ಚ್ ಒಂದನ್ನು ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಅದರ ಬೆಳಕು ಬಿದ್ದಾಗ ಇಂದಿನ ಬಿಳಿ ಕಾಗದ ನೀಲಿಯಾಗಿ ಹೊಳೆಯುತ್ತದೆ, ಏಕೆಂದರೆ ಅದರಲ್ಲಿ ಕಾಗದವನ್ನು ಬೆಳ್ಳಗೆ ಕಾಣುವಂತೆ ಮಾಡುವ ರಾಸಾಯನಿಕ ಬೆರೆತಿರುತ್ತದೆ. ಇದು ಕಾಗದ ತಯಾರಿಕೆಗೆ ಬಂದದ್ದು ಸುಮಾರು 1950ರ ನಂತರ. 1920ರ ಪತ್ರ ಹಾಗೆ ಹೊಳೆದರೆ ಅದು ಚಹಾದ ನೀರಿನಲ್ಲಿ ಅದ್ದಿ ಹಳದಿ ಮಾಡಿದ ಹೊಸ ಕಾಗದ.

ಈ ಎಲ್ಲ ಪರೀಕ್ಷೆಗಳೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ ಎಂಬುದನ್ನು ನೆನಪಿಡಿ. ಮುಂದಿನ ಕಾಲದ ವಸ್ತು ಹಿಂದಿನ ಪತ್ರದಲ್ಲಿದ್ದರೆ ಪತ್ರ ಸುಳ್ಳು. ಹಿಂದಿನ ಕಾಲದ ವಸ್ತು ಮುಂದಿನ ಪತ್ರದಲ್ಲಿದ್ದರೆ ಏನನ್ನೂ ಹೇಳುವಂತಿಲ್ಲ. ಹಿರಿಯರು ಹಳೆಯ ಲೆಟರ್‌ಹೆಡ್ಡನ್ನು ಹತ್ತು ವರ್ಷ ಬಳಸುತ್ತಿದ್ದರು, 1980ರಲ್ಲೂ ಪಿನ್‌ಕೋಡ್ ಇಲ್ಲದೆ ಬರೆಯುತ್ತಿದ್ದರು. ಎಲ್ಲ ಪರೀಕ್ಷೆಯಲ್ಲೂ ಪತ್ರ ಪಾರಾದರೂ ಅದು ಅಸಲಿಯೆಂದು ಸಾಬೀತಾಗುವುದಿಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ ಕಿತ್ತು ಅದರ ಮೇಲೆ ಬರೆಯುವುದು ಈ ದಂಧೆಯ ಹಳೆಯ ಉಪಾಯ.

ನಾಲ್ಕನೆಯದು: ಒಕ್ಕಣೆಯನ್ನು ಓದಿ

ನಿಜವಾದ ಪತ್ರಗಳು ಸಾಮಾನ್ಯವಾಗಿ ಸಪ್ಪೆ. "ನಿಮ್ಮ ಹನ್ನೆರಡನೆಯ ತಾರೀಖಿನ ಕಾಗದ ತಲುಪಿತು. ಆರೋಗ್ಯ ಸರಿಯಿಲ್ಲದ್ದರಿಂದ ಸಭೆಗೆ ಬರಲಾಗುವುದಿಲ್ಲ. ಪ್ರೂಫು ಕಳಿಸಿದ್ದೇನೆ" ಎಂಬಂಥವು. ಮಾರಲೆಂದು ಹುಟ್ಟಿಸಿದ ಪತ್ರದಲ್ಲಿ ಆ ವ್ಯಕ್ತಿಯ ಜೀವನದರ್ಶನವೇ ಆರು ಸಾಲಿನಲ್ಲಿ ತುಂಬಿರುತ್ತದೆ, ಅವರ ಪ್ರಸಿದ್ಧ ಕೃತಿಯ ಹೆಸರು ಬಂದಿರುತ್ತದೆ, ಯಾವುದೋ ದೊಡ್ಡ ವಿವಾದಕ್ಕೆ ತೆರೆ ಬಿದ್ದಿರುತ್ತದೆ. ನಾನು ಕೊಂಡ ಪತ್ರವೂ ಅಂಥದ್ದೇ. ಓದಿ ಪುಳಕಗೊಂಡಿದ್ದೆ. ಈಗ ಪುಳಕವೇ ನನಗೆ ಮೊದಲ ಎಚ್ಚರಿಕೆ.

ಬರೆದ ದಿನ ಆ ವ್ಯಕ್ತಿ ಎಲ್ಲಿದ್ದರು ಎಂದು ಹುಡುಕಿ. ಗಾಂಧೀಜಿಯ ವಿಷಯದಲ್ಲಿ ಇದು ಸುಲಭ, ಏಕೆಂದರೆ ಅವರ ಸಮಗ್ರ ಬರಹಗಳ ನೂರು ಸಂಪುಟಗಳಲ್ಲಿ ಪತ್ರಗಳು ಊರು ಮತ್ತು ದಿನಾಂಕದೊಂದಿಗೆ ಅಚ್ಚಾಗಿವೆ. 1927ರ ಮೇ ತಿಂಗಳಲ್ಲಿ ಅವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿದ್ದರು. ಆ ತಿಂಗಳ ದಿನಾಂಕ ಹೊತ್ತು ಸಾಬರಮತಿಯಿಂದ ಅವರ ಕೈಯಲ್ಲೇ ಬರೆದ ಪತ್ರ ಬಂದರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನಮ್ಮ ಸಾಹಿತಿಗಳಿಗೆ ಅಷ್ಟು ವಿವರವಾದ ದಿನಚರಿ ಸಿಗುವುದಿಲ್ಲ, ಆದರೂ ಆತ್ಮಕಥೆ, ಅಭಿನಂದನ ಗ್ರಂಥ, ಅಂದಿನ ಪತ್ರಿಕೆಗಳಲ್ಲಿ ಸಾಕಷ್ಟು ಸುಳಿವಿರುತ್ತದೆ.

ಭಾಷೆಯನ್ನೂ ಆಲಿಸಿ. ಧಾರವಾಡದವರ ಕಾಗದ ಮೈಸೂರಿನವರ ಕಾಗದದಂತೆ ನಡೆಯುವುದಿಲ್ಲ. ದಿನಾಂಕವನ್ನು ಕನ್ನಡ ಅಂಕಿಯಲ್ಲಿ ಬರೆಯುವವರು ಒಂದು ಪತ್ರದಲ್ಲಿ ಮಾತ್ರ ಇಂಗ್ಲಿಷ್ ಅಂಕಿ ಬಳಸಿದರೆ ಗಮನಿಸಿ. ಅರ್ಕಾವತ್ತನ್ನು ಅಕ್ಷರದ ಮುಂದೆ ಇಡುತ್ತಾರೋ, ರಕಾರಕ್ಕೆ ಒತ್ತು ಕೊಟ್ಟು ಬರೆಯುತ್ತಾರೋ? ಕಾಗದವನ್ನು "ಶ್ರೀ" ಎಂದು ಆರಂಭಿಸುತ್ತಾರೋ, "ಕ್ಷೇಮ" ಎಂದೋ? ಮುಗಿಸುವಾಗ ಇತಿ ಎನ್ನುತ್ತಾರೋ, ನಮಸ್ಕಾರವೋ, ಆಶೀರ್ವಾದವೋ? ಇಂಥ ಅಭ್ಯಾಸಗಳು ವ್ಯಕ್ತಿಗೆ ತನಗೇ ಗೊತ್ತಿಲ್ಲದಂತೆ ಅಂಟಿಕೊಂಡಿರುತ್ತವೆ. ಸಹಿಯನ್ನು ನಕಲು ಮಾಡಿದವನು ಇವನ್ನು ನಕಲು ಮಾಡುವುದು ಅಪರೂಪ.

ಐದನೆಯದು: ಬರೆದದ್ದೋ, ಅಚ್ಚಾದದ್ದೋ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂದರೆ ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುವಂಥದ್ದು, ಸಾಕು. ಆಫ್‌ಸೆಟ್ ಮುದ್ರಣದ ಸಹಿ ಸಣ್ಣ ಚುಕ್ಕಿಗಳಾಗಿ ಒಡೆಯಬಹುದು, ಇಲ್ಲವೇ ಎಲ್ಲ ಕಡೆ ಒಂದೇ ಗಾಢತೆಯಲ್ಲಿ ಚಪ್ಪಟೆಯಾಗಿರುತ್ತದೆ. ಇಂಕ್‌ಜೆಟ್‌ನಲ್ಲಿ ನಾಲ್ಕಾರು ಬಣ್ಣದ ಹನಿಗಳು ಕಾಣುತ್ತವೆ. ಲೇಸರ್ ಮುದ್ರಣದ ಕಪ್ಪು ಪುಡಿ ಕಾಗದದ ಮೇಲೆಯೇ ಕೂತು ಮಿನುಗುತ್ತದೆ. ರಬ್ಬರ್ ಮುದ್ರೆಯಲ್ಲಿ ಶಾಯಿ ಗೆರೆಯ ಅಂಚುಗಳಿಗೆ ಒತ್ತರಿಸಿ ನಡುವೆ ತೆಳುವಾಗಿರುತ್ತದೆ.

ಶಾಯಿ ಪೆನ್ನಿನ ಗೆರೆ ಇವೆಲ್ಲಕ್ಕಿಂತ ಜೀವಂತ. ನಿಬ್ಬಿನ ಎರಡು ಹಲ್ಲುಗಳು ಒತ್ತಿದಾಗ ಅಗಲವಾಗುತ್ತವೆ, ಎತ್ತಿದಾಗ ಕೂಡುತ್ತವೆ. ಗೆರೆ ದಪ್ಪವಾಗಿ ತೆಳುವಾಗಿ ಹೋಗಿ ತುದಿಯಲ್ಲಿ ಕೂದಲಿನಂತೆ ಮುಗಿಯುತ್ತದೆ. ಗೆರೆಗಳು ಒಂದನ್ನೊಂದು ದಾಟುವಲ್ಲಿ ಶಾಯಿ ದಟ್ಟವಾಗುತ್ತದೆ. ಬಾಲ್ ಪೆನ್ನು ಕಾಗದದಲ್ಲಿ ಸಣ್ಣ ತಗ್ಗು ಮಾಡುತ್ತದೆ, ತಿರುವಿನ ನಂತರ ಒಂದು ಚುಕ್ಕೆಯಷ್ಟು ಶಾಯಿ ಉಗುಳುತ್ತದೆ. ಯಂತ್ರದ ಸಹಿಯಲ್ಲಿ ಒತ್ತಡ ಮೊದಲಿಂದ ಕೊನೆಯವರೆಗೆ ಒಂದೇ. ಪೆನ್ನು ಇಳಿದ ಕಡೆ ಮತ್ತು ಎದ್ದ ಕಡೆ ಚುಕ್ಕೆ ಬಿದ್ದಿರುತ್ತದೆ.

ಯಂತ್ರ ಮತ್ತು ಅಚ್ಚಿನ ಸಹಿಯನ್ನು ಹಿಡಿಯಲು ಇನ್ನೊಂದು ಉಪಾಯವಿದೆ. ರಿಸರ್ವ್ ಬ್ಯಾಂಕಿನ ಒಬ್ಬರೇ ಗವರ್ನರ್ ಸಹಿಯಿರುವ, ನೂರು ರೂಪಾಯಿಯ ಎರಡು ನೋಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈಗ ಒಂದು ಹಾಳೆಯಲ್ಲಿ ನಿಮ್ಮದೇ ಸಹಿಯನ್ನು ಇಪ್ಪತ್ತು ಸಲ ಹಾಕಿ. ಒಂದರಂತೆ ಇನ್ನೊಂದಿಲ್ಲ. ಆದ್ದರಿಂದ ಶಂಕಿತ ಪತ್ರದ ಸಹಿ ಮತ್ತು ಪುಸ್ತಕವೊಂದರಲ್ಲಿ ಅಚ್ಚಾದ ಸಹಿ ಒಂದರ ಮೇಲೊಂದು ಇಟ್ಟಾಗ ಪೂರ್ತಿ ಕೂಡಿಕೊಂಡರೆ ಸಂತೋಷಪಡಬೇಡಿ. ಅದು ಆ ಪುಸ್ತಕದಿಂದಲೇ ಎತ್ತಿದ್ದು.

ಮಡಿಕೆಯ ಗೆರೆಯ ಮೇಲೆ ಸಹಿ ಹಾದುಹೋಗಿದ್ದರೆ ನಿಮ್ಮ ಅದೃಷ್ಟ. ಬರೆದ ಮೇಲೆ ಮಡಿಸಿದ ಕಾಗದದಲ್ಲಿ ಮಡಿಕೆ ಶಾಯಿಯನ್ನು ಒಡೆದಿರುತ್ತದೆ. ಮಡಿಸಿದ್ದ ಹಳೆಯ ಕಾಗದದ ಮೇಲೆ ಈಚೆಗೆ ಬರೆದಿದ್ದರೆ ಶಾಯಿ ಮುರಿದ ನಾರುಗಳೊಳಗೆ ಇಳಿದು ಮಡಿಕೆಯುದ್ದಕ್ಕೂ ಹರಡಿರುತ್ತದೆ. ನೀರಿನ ಕಲೆಯಿದ್ದರೂ ಹೀಗೆಯೇ: ಕಲೆ ಶಾಯಿಯನ್ನು ಕದಡಿದೆಯೋ, ಶಾಯಿ ಕಲೆಯ ಮೇಲೆ ಹಾಯಾಗಿ ಕೂತಿದೆಯೋ ನೋಡಿ. ಒದ್ದೆ ಬೆರಳಿನಿಂದ ಒರೆಸಿ ನೋಡುವ ಪರೀಕ್ಷೆಯನ್ನು ಮಾತ್ರ ಎಂದಿಗೂ ಮಾಡಬೇಡಿ. ಪತ್ರ ಅಸಲಿಯಾಗಿದ್ದರೆ ಅದನ್ನು ಹಾಳುಮಾಡಿದವರು ನೀವಾಗುತ್ತೀರಿ.

ಆರನೆಯದು: ಹೋಲಿಕೆಗೆ ಮಾದರಿ

ಒಂದು ಸಹಿಯನ್ನು ಇನ್ನೊಂದರ ಜೊತೆ ಹೋಲಿಸುವುದು ಹೋಲಿಕೆಯಲ್ಲ. ಕನಿಷ್ಠ ಹತ್ತು ಮಾದರಿ ಬೇಕು. ಅವು ಅದೇ ಲಿಪಿಯವು, ಪತ್ರದ ಆಸುಪಾಸಿನ ವರ್ಷಗಳವು ಆಗಿರಬೇಕು. ಪುಸ್ತಕದ ಮೇಲೆ ಅಭಿಮಾನಿಗೆ ಹಾಕಿಕೊಟ್ಟ ಸಹಿ ಬೇರೆ, ಕಾಗದದ ಕೊನೆಯಲ್ಲಿ ಅವಸರದಿಂದ ಹಾಕಿದ ಸಹಿ ಬೇರೆ, ಬ್ಯಾಂಕಿನ ಸಹಿ ಮತ್ತೂ ಬೇರೆ. ಗಾಂಧೀಜಿಯಂತೂ ಬಲಗೈ ಸೋತಾಗ ಎಡಗೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ಬರೆದ ಹಿಂದ್ ಸ್ವರಾಜ್ ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಎಡಗೈಯವು. ಬಲಗೈ ಮಾದರಿ ಇಟ್ಟುಕೊಂಡು ಎಡಗೈ ಪತ್ರವನ್ನು ಅಳೆದರೆ ಅಸಲಿಯೂ ನಕಲಿಯಾಗಿ ಕಾಣುತ್ತದೆ.

ಮಾದರಿ ಎಲ್ಲಿಂದ ಬಂತು ಎಂಬುದು ಮಾದರಿಗಿಂತ ಮುಖ್ಯ. 1983ರ ಏಪ್ರಿಲ್‌ನಲ್ಲಿ ಜರ್ಮನಿಯ ಸ್ಟರ್ನ್ ಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂದು ಜಗತ್ತಿಗೆ ಸಾರಿತು. ಬರಹ ತಜ್ಞರು ಅಸಲಿ ಎಂದಿದ್ದರು. ಆದರೆ ಅವರಿಗೆ ಹೋಲಿಕೆಗೆಂದು ಕೊಟ್ಟ ಕಾಗದಗಳಲ್ಲಿ ಕೆಲವು ಅದೇ ಖೋಟಾಗಾರ ಕೊನ್ರಾಡ್ ಕುಯಾವ್ ಬರೆದವೇ ಆಗಿದ್ದವು. ಒಂದೇ ಕೈಯ ಎರಡು ಸುಳ್ಳುಗಳು ಒಂದನ್ನೊಂದು ಸಮರ್ಥಿಸಿದವು. ಮೇ ತಿಂಗಳ ಆರಂಭದಲ್ಲಿ ಸರ್ಕಾರಿ ದಾಖಲೆ ಸಂಗ್ರಹಾಲಯ ಬಯಲು ಮಾಡಿದ್ದು ಅಕ್ಷರ ನೋಡಿ ಅಲ್ಲ. ಯುದ್ಧದ ನಂತರವೇ ಬಳಕೆಗೆ ಬಂದ ಹೊಳಪಿನ ರಾಸಾಯನಿಕ ಕಾಗದದಲ್ಲಿ ಸಿಕ್ಕಿತು. ಆದ್ದರಿಂದ ಮಾರಾಟದ ಚಿತ್ರಗಳನ್ನು, ಅಂತರ್ಜಾಲದಲ್ಲಿ ಯಾರೋ ಹಾಕಿದ ಸಹಿಗಳನ್ನು ಮಾದರಿಯಾಗಿ ಬಳಸಬೇಡಿ. ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗ, ಸ್ಮಾರಕ ಭವನ, ಅವರು ಬದುಕಿದ್ದಾಗಲೇ ಬಂದ ಅಭಿನಂದನ ಗ್ರಂಥದಲ್ಲಿ ಅಚ್ಚಾದ ಪತ್ರಗಳು, ಅವರಿಂದ ಪತ್ರ ಪಡೆದವರ ಮನೆಗಳು: ಮಾದರಿ ಬರಬೇಕಾದದ್ದು ಇಲ್ಲಿಂದ.

ಏಳನೆಯದು: ಈಗ ಸಹಿ

ಆಕಾರವನ್ನು ನೋಡಬೇಡಿ, ಚಲನೆಯನ್ನು ನೋಡಿ. ಆಕಾರವನ್ನು ಯಾರು ಬೇಕಾದರೂ ಬಿಡಿಸಬಹುದು. ವೇಗವನ್ನು ಬಿಡಿಸಲಾಗದು. ಗೆಳೆಯರ ಸಹಿಯೊಂದನ್ನು ಮುಂದಿಟ್ಟುಕೊಂಡು ನಕಲು ಮಾಡಿ ನೋಡಿ: ಸರಿಯಾಗಿ ಬರೆಯಹೋದರೆ ಕೈ ನಿಧಾನವಾಗುತ್ತದೆ, ವೇಗವಾಗಿ ಬರೆದರೆ ನಿಮ್ಮದೇ ಅಕ್ಷರ ಬಂದುಬಿಡುತ್ತದೆ. ಖೋಟಾಗಾರನ ಸಂಕಟವೂ ಇದೇ.

ಕನ್ನಡದ ಸಹಿಗೆ ತನ್ನದೇ ಗುಣವಿದೆ. ಇಂಗ್ಲಿಷ್ ಸಹಿಯಂತೆ ಅದು ಒಂದೇ ಎಳೆತದಲ್ಲಿ ಹರಿಯುವುದಿಲ್ಲ, ಪೆನ್ನು ಹಲವು ಸಲ ಮೇಲೇಳುತ್ತದೆ. ಆ ಏಳುಬೀಳುಗಳ ಕ್ರಮವೇ ವ್ಯಕ್ತಿಯ ಗುರುತು. ತಲಕಟ್ಟನ್ನು ಅಕ್ಷರದೊಡನೆಯೇ ಎಳೆಯುತ್ತಾರೋ, ಆಮೇಲೆ ಗೀಚುತ್ತಾರೋ? ಒತ್ತಕ್ಷರವನ್ನು ಆಗಲೇ ಹಾಕುತ್ತಾರೋ, ಹೆಸರು ಮುಗಿಸಿ ಹಿಂದಿರುಗಿ ಬಂದು ಹಾಕುತ್ತಾರೋ? ಸೊನ್ನೆ ಎಲ್ಲಿ ಶುರುವಾಗಿ ಎಲ್ಲಿ ಮುಚ್ಚುತ್ತದೆ, ಅಥವಾ ಮುಚ್ಚುವುದೇ ಇಲ್ಲವೇ? "ಕುವೆಂಪು" ಎಂಬ ನಾಲ್ಕು ಗುರುತುಗಳ ಹೆಸರಿನಲ್ಲೇ ಎಷ್ಟು ಹುಡುಕಬಹುದು ನೋಡಿ: ಎರಡು ಕೊಂಬು, ಒಂದು ಎತ್ವ, ಒಂದು ಸೊನ್ನೆ. ಮೊದಲ ಕೊಂಬಿಗೆ ಪಕ್ಕದ ಅಕ್ಷರದ ಇಕ್ಕಟ್ಟಿದೆ, ಕೊನೆಯ ಕೊಂಬಿಗೆ ಮುಂದೆ ಖಾಲಿ ಬಯಲಿದೆ. ವೇಗವಾಗಿ ಬರೆಯುವ ಕೈ ಕೊನೆಯದನ್ನು ಹೇಗೆ ಹರಿಯಬಿಡುತ್ತದೆ ಎಂಬುದನ್ನು ಹತ್ತು ಮಾದರಿಗಳಲ್ಲಿ ಕಂಡವರಿಗೆ ಹನ್ನೊಂದನೆಯದು ತಾನಾಗಿ ಮಾತಾಡುತ್ತದೆ.

ನಕಲಿಯ ಲಕ್ಷಣಗಳು ಹೆಚ್ಚಿಲ್ಲ: ಗೆರೆಯ ನಡುವೆ ಕಾರಣವಿಲ್ಲದೆ ಪೆನ್ನು ನಿಂತ ಗುರುತು, ಮೊಂಡಾದ ತುದಿಗಳು, ಸರಿಯಿಲ್ಲವೆಂದು ಮೇಲೆ ಮತ್ತೆ ತಿದ್ದಿದ ಗೆರೆ, ದುಂಡಿನಲ್ಲಿ ಸಣ್ಣ ನಡುಕ, ಕೆಳಗೆ ಸೀಸದ ಕಡ್ಡಿಯ ಜಾಡು. ಟಾರ್ಚನ್ನು ಕಾಗದಕ್ಕೆ ಸಮಾಂತರವಾಗಿ ಪಕ್ಕದಿಂದ ಹಿಡಿದರೆ ಒತ್ತಿ ತೆಗೆದ ಜಾಡಿನ ತಗ್ಗು ನೆರಳಾಗಿ ಕಾಣುತ್ತದೆ.

ನಡುಕದ ವಿಷಯದಲ್ಲಿ ಅವಸರ ಬೇಡ. ನನ್ನ ತಂದೆಯವರ ಟ್ರಂಕಿನಲ್ಲಿ ಒಬ್ಬ ಹಿರಿಯ ಲೇಖಕರ ಕಾರ್ಡು ಇತ್ತು. ಸಹಿ ಸೊಟ್ಟಗೆ, ನಡುಗುತ್ತ, ಕೊನೆಯ ಅಕ್ಷರ ಅರ್ಧಕ್ಕೇ ನಿಂತಿತ್ತು. ಪುಸ್ತಕಗಳಲ್ಲಿ ಕಂಡ ದಿಟ್ಟ ಸಹಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಖೋಟಾ ಪತ್ರದ ಪೆಟ್ಟು ತಿಂದಿದ್ದ ನಾನು ಇದನ್ನೂ ಸುಳ್ಳೆಂದು ಬದಿಗಿಟ್ಟೆ. ಎರಡು ವರ್ಷದ ನಂತರ ಅದೇ ಲೇಖಕರು ಅದೇ ವರ್ಷ ಬೇರೊಬ್ಬರಿಗೆ ಬರೆದ ಕಾರ್ಡು ನೋಡಲು ಸಿಕ್ಕಿತು. ಅದೇ ನಡುಕ, ಅದೇ ಅರ್ಧಕ್ಕೆ ನಿಂತ ಅಕ್ಷರ. ನಾನು ಹೋಲಿಸಿದ್ದು ಅವರ ಐವತ್ತನೆಯ ವಯಸ್ಸಿನ ಸಹಿಯೊಡನೆ. ಕಾರ್ಡು ಬರೆದಾಗ ಅವರಿಗೆ ಎಂಬತ್ತು ದಾಟಿತ್ತು. ಮುದಿ ಕೈ ನಡುಗಿದರೂ ದಾರಿ ತಪ್ಪುವುದಿಲ್ಲ, ತಿದ್ದಲು ಹಿಂದಿರುಗುವುದಿಲ್ಲ. ಖೋಟಾಗಾರನ ಕೈ ನಡುಗುವುದು ಮುಂದೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ. ಆ ಕಾರ್ಡನ್ನು ತಂದೆಯವರು ಮೂವತ್ತು ವರ್ಷ ಜೋಪಾನ ಮಾಡಿದ್ದರು. ಅವರ ಮಾತನ್ನು ನಾನು ನಂಬಬೇಕಿತ್ತು.

ಪ್ರಮಾಣಪತ್ರ ಮತ್ತು ತಜ್ಞರು

ಜೊತೆಗೆ ಬಂದ ಪ್ರಮಾಣಪತ್ರವನ್ನು ಪಕ್ಕಕ್ಕಿಡಿ. ಅಮೆರಿಕದಲ್ಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಎಂಬ ಕಾರ್ಯಾಚರಣೆಯಲ್ಲಿ ಖೋಟಾ ಸಹಿಯ ಜಾಲವನ್ನು ಹಿಡಿದಾಗ ಸಹಿಯ ಜೊತೆ ಪ್ರಮಾಣಪತ್ರಗಳೂ ಸಿಕ್ಕವು. ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಚೆಂಡು ಕೂಡ ಅಲ್ಲಿತ್ತು. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಪುಸ್ತಕದ 900 ಪ್ರತಿಗಳು ಕೈಯಿಂದ ಸಹಿ ಮಾಡಿದವೆಂಬ ಪ್ರಕಾಶಕರ ಪತ್ರದೊಂದಿಗೆ ತಲಾ 599 ಡಾಲರಿಗೆ ಮಾರಾಟವಾದವು. ಅಭಿಮಾನಿಗಳು ತಮ್ಮ ತಮ್ಮ ಪ್ರತಿಗಳ ಚಿತ್ರಗಳನ್ನು ಹೋಲಿಸಿದಾಗ ಆಟೊಪೆನ್ ಎಂದು ತಿಳಿಯಿತು. ಡಿಲನ್ ಕ್ಷಮೆ ಕೇಳಿದರು, ಹಣ ಹಿಂದಿರುಗಿತು.

ತಜ್ಞರೂ ಸೋಲುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಸಾಲ್ಟ್ ಲೇಕ್ ನಗರದ ಮಾರ್ಕ್ ಹಾಫ್‌ಮನ್ ತಾನೇ ಶಾಯಿ ಕುದಿಸಿ, ಹಳೆಯ ಕಾಗದ ಸಂಪಾದಿಸಿ ಮಾಡಿದ ಪತ್ರಗಳು ದೊಡ್ಡ ದೊಡ್ಡವರನ್ನು ದಾಟಿಕೊಂಡು ಹೋದವು. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಶಾಯಿಯ ಮೇಲೆ ಮೊಸಳೆಯ ಚರ್ಮದಂತೆ ಬಿರುಕು ಕಂಡಾಗ ಗುಟ್ಟು ಹೊರಬಿತ್ತು. ಹೀಗಿದ್ದರೂ ದೊಡ್ಡ ಮೊತ್ತ ಅಥವಾ ವ್ಯಾಜ್ಯವಿದ್ದರೆ ದಾಖಲೆ ಪರೀಕ್ಷಕರ ಬಳಿ ಹೋಗಲೇಬೇಕು. ಅವರಿಗೆ ಮೂಲ ಪತ್ರವನ್ನೇ ಕೊಡಿ, ಮೊಬೈಲ್ ಚಿತ್ರದಿಂದ ಒತ್ತಡವೂ ಶಾಯಿಯೂ ತಿಳಿಯುವುದಿಲ್ಲ. ನಮ್ಮ ಸಾಕ್ಷ್ಯ ಕಾನೂನು ತಜ್ಞರ ಜೊತೆಗೆ ಇನ್ನೊಬ್ಬರ ಮಾತಿಗೂ ಬೆಲೆ ಕೊಟ್ಟಿದೆ: ಆ ವ್ಯಕ್ತಿ ಬರೆಯುವುದನ್ನು ಕಂಡವರು ಅಥವಾ ಅವರೊಡನೆ ಪತ್ರವ್ಯವಹಾರ ಮಾಡಿದವರು. ಊರಿನಲ್ಲಿ ಅಂಥ ಹಿರಿಯರು ಇನ್ನೂ ಇದ್ದರೆ ಇವತ್ತೇ ಹೋಗಿ ತೋರಿಸಿ.

ಮೊಬೈಲಿನಲ್ಲಿ ಹರಿದಾಡುವ, ಗಣ್ಯರ ಸಹಿಯಿರುವ ಪತ್ರಗಳಿಗೆ ಈ ಯಾವ ಪರೀಕ್ಷೆಯೂ ಬೇಕಿಲ್ಲ. ಚಿತ್ರವಾಗಿ ಬಂದ ಸಹಿ ಸಾಕ್ಷಿಯೇ ಅಲ್ಲ. ಹಿಗ್ಗಿಸಿದರೆ ಸಹಿಯ ಸುತ್ತ ಬೇರೆ ಬಿಳುಪಿನ ಚೌಕ ಕಾಣಬಹುದು; ಕಾಣದಿದ್ದರೂ ಆ ವ್ಯಕ್ತಿಯ ಅಧಿಕೃತ ಖಾತೆಯಲ್ಲಿ ಇಲ್ಲದ ಪತ್ರವನ್ನು ಯಾರಿಗೂ ಕಳಿಸಬೇಡಿ.

ಗೊತ್ತಾದದ್ದನ್ನು ಬರೆದಿಡಿ

ಪರೀಕ್ಷೆ ಮುಗಿದ ಮೇಲೆ ಪತ್ರದ ಮೇಲೆ ಏನನ್ನೂ ಬರೆಯಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಟೇಪು ಅಂಟಿಸಬೇಡಿ, ಬಿಸಿಲು ಬೀಳುವ ಗೋಡೆಗೆ ಕಟ್ಟು ಹಾಕಿ ತೂಗುಹಾಕಬೇಡಿ. ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ನೆಂಟರಿಗೆ ಉಡುಗೊರೆಯಾಗಿ ಕೊಡುವ ಮುನ್ನ ಇದು ತಿಳಿದಿರಲಿ.

ಬೇರೆ ಹಾಳೆಯಲ್ಲಿ ಟಿಪ್ಪಣಿ ಬರೆದು ಜೊತೆಗಿಡಿ. ಯಾರಿಂದ ಬಂತು, ಎಂದು ಬಂತು, ಯಾವ ಯಾವ ಮಾದರಿಯೊಡನೆ ಹೋಲಿಸಿದಿರಿ, ಯಾವುದು ಹೊಂದಿತು, ಯಾವುದು ಹೊಂದಲಿಲ್ಲ. ತೀರ್ಮಾನವನ್ನು ಮೊದಲು ಹೇಳಿದ ಐದು ಬಗೆಗಳಲ್ಲಿ ಒಂದಾಗಿ ಬರೆಯಿರಿ; ಆಗದಿದ್ದರೆ "ನಿರ್ಧರಿಸಲಾಗಿಲ್ಲ" ಎಂದೇ ಬರೆಯಿರಿ, ಅದು ನಾಚಿಕೆಯ ಮಾತಲ್ಲ. ನನ್ನ ಎಂಟು ಸಾವಿರದ ಪತ್ರವನ್ನು ನಾನು ಹರಿದುಹಾಕಿಲ್ಲ, ಮರುಮಾರಾಟವನ್ನೂ ಮಾಡಿಲ್ಲ. "ಖೋಟಾ. 1969ರ ದಿನಾಂಕ, ಲೆಟರ್‌ಹೆಡ್ಡಿನಲ್ಲಿ ಪಿನ್‌ಕೋಡ್" ಎಂಬ ಚೀಟಿಯೊಂದಿಗೆ ಅದು ಬೇರೆ ಕಡತದಲ್ಲಿದೆ. ತಂದೆಯವರ ಕಾರ್ಡಿನ ಜೊತೆಗಿರುವ ಹಾಳೆಯಲ್ಲಿ ಆ ಇನ್ನೊಂದು ಕಾರ್ಡಿನ ದಿನಾಂಕ, ಅದು ಯಾರ ಮನೆಯಲ್ಲಿದೆ ಎಂಬ ವಿವರ, ಕೆಳಗೆ "ಒಕ್ಕಣೆ ಬೇರೆಯವರ ಕೈ, ಸಹಿ ಅವರದೇ" ಎಂಬ ಒಂದು ಸಾಲು ಇದೆ.